ಸದನದಲ್ಲೊಂದು ಹಸಿರು ಶಾಲು

ಚುನಾವಣೆಗೆ ನಿಲ್ಲುವವರಲ್ಲಿ ತಮ್ಮ ವೃತ್ತಿ ವ್ಯವಸಾಯವೆಂದು ಬರೆದುಕೊಳ್ಳುವವರು ಬಹಳ ಮಂದಿ. ಗೆದ್ದ ಮೇಲೂ ರೈತನಾಗಿಯೇ ಉಳಿಯುವವರು ವಿರಳ. ಕೆ. ಎಸ್. ಪುಟ್ಟಣ್ಣಯ್ಯನವರನ್ನು ನಾನು ನೆನೆಯುವುದು ಈ ಕಾರಣಕ್ಕೆ.

1949ರಲ್ಲಿ ಜನಿಸಿದ ಅವರ ಊರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ. ಕನ್ನಂಬಾಡಿ ಕಟ್ಟೆಯ ನೀರಿನಿಂದ ಭತ್ತ, ಕಬ್ಬು ಬೆಳೆಯುವ ಸೀಮೆಯದು. ನೀರಿರುವ ರೈತನಿಗೆ ಕೊರತೆಯೇನೆಂದು ಹೊರಗಿನವರು ಕೇಳುವುದುಂಟು. ಆದರೆ ಕಡಿದ ಕಬ್ಬನ್ನು ರಾಗಿಯಂತೆ ಕಣಜದಲ್ಲಿ ತುಂಬಿಡಲಾಗದು. ದಿನ ಕಳೆದಂತೆ ಒಣಗಿ ತೂಕ ಇಳಿಯುತ್ತದೆ. ಆದ್ದರಿಂದ ಕಾರ್ಖಾನೆ ಹೇಳಿದ ಬೆಲೆಗೆ ಒಪ್ಪಿ, ಅದು ಕೊಟ್ಟಾಗ ಹಣ ಪಡೆಯಬೇಕಾದ ಅಸಹಾಯಕತೆ ಬೆಳೆಗಾರನದು.

1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ನಡೆಯಿತು. ಅದೇ ವರ್ಷ ರಾಜ್ಯ ರೈತ ಸಂಘ ರೂಪುಗೊಂಡಿತು. ಮಂಡ್ಯದ ಸೀಮೆಯಲ್ಲಿ ಆ ಸಂಘವನ್ನು ಬೆಳೆಸಿದವರಲ್ಲಿ ಪುಟ್ಟಣ್ಣಯ್ಯನವರು ಪ್ರಮುಖರು. ನೀರಿನ ಹೋರಾಟವಿರಲಿ, ಕಬ್ಬಿನ ಬಾಕಿಯ ಹೋರಾಟವಿರಲಿ, ಹಸಿರು ಶಾಲು ಹೊದ್ದು ಮುಂದೆ ನಿಲ್ಲುತ್ತಿದ್ದರು. ಹಳ್ಳಿಯ ನುಡಿಯಲ್ಲಿ ನಗಿಸುತ್ತಲೇ ಕುಟುಕುವ ಅವರ ಭಾಷಣಕ್ಕೆ ಜನ ಕಿವಿಗೊಡುತ್ತಿದ್ದರು.

1994ರಲ್ಲಿ ಪಾಂಡವಪುರದಿಂದ ವಿಧಾನಸಭೆಗೆ ಆಯ್ಕೆಯಾದರು. 224 ಸ್ಥಾನಗಳ ಪೈಕಿ ರೈತ ಸಂಘಕ್ಕೆ ದೊರೆತದ್ದು ಅದೊಂದೇ. ಮತ್ತೆ ಗೆದ್ದದ್ದು 2013ರಲ್ಲಿ, ಮೇಲುಕೋಟೆ ಕ್ಷೇತ್ರದಿಂದ. ಆಗಲೂ ಸರ್ವೋದಯ ಕರ್ನಾಟಕ ಪಕ್ಷದ ಏಕೈಕ ಶಾಸಕರು ಅವರೇ. ನಡುವೆ ಸಂದದ್ದು 19 ವರ್ಷ. ಅಷ್ಟರಲ್ಲಿ ಸಂಘವೇ ಬಣಗಳಾಗಿ ಒಡೆದಿತ್ತು.

ಬೀದಿಯಲ್ಲಿ ಸಾವಿರಾರು ಜನರಿದ್ದ ಚಳವಳಿಗೆ ಸದನದಲ್ಲಿ ಒಂದೇ ಕುರ್ಚಿ ಸಿಕ್ಕಿದ್ದೇಕೆ? ನನಗೆ ತೋರುವ ಉತ್ತರವಿದು: ಧರಣಿಗೆ ರೈತನಾಗಿ ಬಂದವನು ಮತ ಹಾಕುವಾಗ ಜಾತಿಯವನೋ ಪಕ್ಷದವನೋ ಆಗಿಬಿಡುತ್ತಾನೆ. ಒಂಟಿ ಸದಸ್ಯನಿಂದ ಮಸೂದೆ ಗೆಲ್ಲದು, ಸರ್ಕಾರ ಅಲುಗದು. ಆದರೂ 2015ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ಹೆಚ್ಚಿದಾಗ, ಸಾಲದ ಲೆಕ್ಕವನ್ನು ಗದ್ದೆಯಲ್ಲಿ ನಿಂತು ಬಲ್ಲವರೊಬ್ಬರು ಸದನದಲ್ಲಿದ್ದರೆಂಬುದು ಸಣ್ಣ ಮಾತಲ್ಲ.

2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ, ತಮಗೆ ಪ್ರಿಯವಾದ ಕಬಡ್ಡಿಯ ಪಂದ್ಯಾವಳಿಯ ವೇಳೆ ಹೃದಯಾಘಾತವಾಗಿ ತೀರಿಕೊಂಡರು. ಆಗಲೂ ಅವರು ಶಾಸಕರೇ. 2023ರಲ್ಲಿ ಅದೇ ಮೇಲುಕೋಟೆಯಿಂದ ಅವರ ಪುತ್ರ ದರ್ಶನ್ ಪುಟ್ಟಣ್ಣಯ್ಯ ಆಯ್ಕೆಯಾದರು; ಆ ಪಕ್ಷಕ್ಕೆ ಮತ್ತೆ ಒಂದೇ ಸ್ಥಾನ. ತಂದೆಗೆ ಸಂದ ಗೌರವವೆಂದು ಇದನ್ನು ಕೆಲವರು ಕಂಡಾರು. ಹಳೆಯ ಮೇಷ್ಟರಾದ ನನಗಾದರೋ, ನಾಡಿನ ಅನ್ನದಾತರು ಇನ್ನೂ ಕೂಡಿಸಲು ಕಲಿಯದ ಲೆಕ್ಕವಾಗಿಯೇ ಆ ಒಂದು ಕಾಣುತ್ತದೆ.