ಪೂಷನ ಹಲ್ಲು, ಅಜ್ಜನ ಸೆಟ್ಟು

ಸಾಗರದಿಂದ ಏಳೆಂಟು ಕಿಲೋಮೀಟರ್ ದೂರದ ಕೆಳದಿಯಲ್ಲಿ ರಾಮೇಶ್ವರನ ಮಗ್ಗುಲಲ್ಲೇ ವೀರಭದ್ರನ ಗುಡಿಯಿದೆ. ಕೆಳದಿ ಅರಸರ ಮೊದಲ ರಾಜಧಾನಿ ಇದು. ಗುಡಿಯ ಛಾವಣಿಯಲ್ಲಿರುವ ಗಂಡಭೇರುಂಡವನ್ನು ನೋಡಲು ಪ್ರವಾಸಿಗರು ಬರುತ್ತಾರೆ, ಕತ್ತೆತ್ತಿ ನೋಡಿ ಮುಂದೆ ಹೋಗುತ್ತಾರೆ. ಆದರೆ ಈ ವೀರಭದ್ರನಿಗೂ ನಮ್ಮ ಮನೆಯ ಹಿರಿಯರು ರಾತ್ರಿ ಬಟ್ಟಲ ನೀರಿನಲ್ಲಿ ಬಿಚ್ಚಿಡುವ ಹಲ್ಲಿನ ಸೆಟ್ಟಿಗೂ ಹಳೆಯದೊಂದು ನಂಟಿದೆ ಎಂದರೆ ಎಷ್ಟು ಜನ ನಂಬಿಯಾರು?

ದಕ್ಷಯಜ್ಞದ ಕಥೆ ಮಲೆನಾಡಿನವರಿಗೆ ಹೊಸದಲ್ಲ. ವೀರಗಾಸೆಯ ಕುಣಿತದಲ್ಲಿ ಅದನ್ನು ಕಂಡಿದ್ದೇವೆ, ಯಕ್ಷಗಾನದಲ್ಲಿ ಕೇಳಿದ್ದೇವೆ. ಶಿವನನ್ನು ದಕ್ಷ ನಿಂದಿಸಿದಾಗ ಸಭೆಯಲ್ಲಿದ್ದ ಪೂಷನೆಂಬ ದೇವತೆ ಹಲ್ಲು ಕಿರಿದು ನಕ್ಕನಂತೆ. ಯಜ್ಞಶಾಲೆಗೆ ನುಗ್ಗಿದ ವೀರಭದ್ರ ಆ ಹಲ್ಲುಗಳನ್ನೇ ಉದುರಿಸಿದ. ಕೋಪ ತಣಿದ ಮೇಲೆ ಎಲ್ಲರಿಗೂ ಪರಿಹಾರ ಸಿಕ್ಕಿತು. ದಕ್ಷನಿಗೆ ಆಡಿನ ತಲೆ ಬಂತು. ಪೂಷನಿಗೆ ಸಿಕ್ಕಿದ್ದು ಮಾತ್ರ ವಿಚಿತ್ರವಾದ ವರ. ಅವನು ಹಿಟ್ಟನ್ನು ತಿನ್ನಲಿ, ಅಗಿಯುವುದಿದ್ದರೆ ಯಜ್ಞ ಮಾಡಿಸುವ ಯಜಮಾನನ ಹಲ್ಲಿನಿಂದ ಅಗಿಯಲಿ ಎನ್ನುತ್ತದೆ ಭಾಗವತದ ನಾಲ್ಕನೆಯ ಸ್ಕಂಧ. ವೇದಕಾಲದಿಂದಲೂ ಪೂಷನಿಗೆ ಗಂಜಿ, ಹಿಟ್ಟುಗಳೇ ಆಹಾರ.

ಹಲ್ಲು ಹೋದವನಿಗೆ ಎರಡೇ ದಾರಿ: ಮೆತ್ತಗಿನದನ್ನು ತಿನ್ನುವುದು, ಇಲ್ಲವೇ ಬೇರೆಯವರ ಹಲ್ಲಿನಿಂದ ತಿನ್ನುವುದು. ಹಲ್ಲು ಕಟ್ಟಿಸುವ ವಿದ್ಯೆಯ ಚರಿತ್ರೆಯೆಲ್ಲ ಈ ಒಂದು ವಾಕ್ಯದ ವಿಸ್ತರಣೆ ಎನ್ನಬಹುದು.

ಕುಟ್ಟಾಣಿಯ ಸದ್ದು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಿರಿಯರು ಬಹುಕಾಲ ಹಿಡಿದದ್ದು ಮೊದಲನೆಯ ದಾರಿಯನ್ನೇ. ಅಡಿಕೆಯ ಸೀಮೆ ಇದು. ಬಂದವರಿಗೆ ಮೊದಲು ನೀರು, ಬೆಲ್ಲ, ಆಮೇಲೆ ಕವಳದ ತಟ್ಟೆ. ಎಲೆ, ಅಡಿಕೆ, ಸುಣ್ಣ, ಬೇಕಾದವರಿಗೆ ಹೊಗೆಸೊಪ್ಪು. ತಾಂಬೂಲ ನಮ್ಮಲ್ಲಿ ನಿನ್ನೆ ಮೊನ್ನೆಯ ಅಭ್ಯಾಸವಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಬಂದ ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳ ನಡುವೆ ತಾಂಬೂಲಕ್ಕೂ ಪ್ರತ್ಯೇಕ ಸ್ಥಾನವಿದೆ.

ಗಟ್ಟಿ ಅಡಿಕೆಯನ್ನು ಹತ್ತಾರು ವರ್ಷ ಅಗಿದರೆ ಹಲ್ಲು ಸವೆಯುತ್ತದೆ, ಕರೆ ಕಟ್ಟುತ್ತದೆ, ವಸಡು ಸಡಿಲವಾಗುತ್ತದೆ. ಹಲ್ಲು ಹೋದರೂ ಕವಳದ ಚಟ ಹೋಗಬೇಕಲ್ಲ! ಆಗ ಜಗಲಿಗೆ ಬರುತ್ತಿದ್ದುದು ಕುಟ್ಟಾಣಿ, ಅಂಗೈಯಗಲದ ಪುಟ್ಟ ಒರಳು. ಅಡಕತ್ತರಿಯಲ್ಲಿ ಹೋಳು ಮಾಡಿದ ಅಡಿಕೆಯನ್ನು ಎಲೆ, ಸುಣ್ಣದೊಂದಿಗೆ ಅದರಲ್ಲಿ ಹಾಕಿ ಮೊಮ್ಮಕ್ಕಳು ಕುಟ್ಟಿಕೊಡಬೇಕು. ಪೂಷನ ಹಿಟ್ಟಿನಂತೆ ಅಜ್ಜನ ಕವಳ. ಊಟಕ್ಕೆ ಮಿದ್ದ ಅನ್ನ, ತಂಬುಳಿ, ಗಂಜಿ. ಹಲಸಿನ ಹಪ್ಪಳ ಮುರಿಯುವ ಸದ್ದನ್ನು ಅಜ್ಜ ಕೇಳಿಸಿಕೊಂಡು ಸುಮ್ಮನಿರಬೇಕಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತೇವೆ. ಮುದುಕರ ಮಟ್ಟಿಗೆ ಅದು ಅಕ್ಷರಶಃ ಸತ್ಯ.

ವೈದ್ಯಶಾಸ್ತ್ರಕ್ಕೆ ಹಲ್ಲು ತಿಳಿಯದ ವಿಷಯವಾಗಿರಲಿಲ್ಲ. ಸುಶ್ರುತ ಸಂಹಿತೆ ಬಾಯಿಯ 65 ರೋಗಗಳನ್ನು ಎಣಿಸುತ್ತದೆ, ಹಲ್ಲುಜ್ಜುವ ಕಡ್ಡಿ ಹೇಗಿರಬೇಕೆಂದು ಹೇಳುತ್ತದೆ, ಹಲ್ಲಿನ ಚಿಕಿತ್ಸೆಯ ಸಲಕರಣೆಗಳನ್ನು ವರ್ಣಿಸುತ್ತದೆ. ಅದರ ಗಮನವೆಲ್ಲ ಇರುವ ಹಲ್ಲನ್ನು ಉಳಿಸಿಕೊಳ್ಳುವ, ಕೆಟ್ಟ ಹಲ್ಲಿನ ನೋವು ಕಳೆಯುವ ಕಡೆಗೇ ಇತ್ತು.

ವಿಗ್ರಹ ಕೆತ್ತುವವರು ಹಲ್ಲು ಕೆತ್ತಿದ್ದು

ಸಾಗರದ ಗುಡಿಗಾರರು ಗಂಧದ ಮರದಲ್ಲಿ, ಹಿಂದೆ ದಂತದಲ್ಲೂ, ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೆತ್ತುವವರೆಂದು ಹೆಸರಾದವರು. ಇಂಥದೇ ಕೈಗಳು ಜಪಾನಿನಲ್ಲಿ ಬೇರೊಂದು ಕೆಲಸಕ್ಕೂ ತಿರುಗಿದವು. ಅಲ್ಲಿ ಬುದ್ಧನ ವಿಗ್ರಹ ಕೆತ್ತುವ ಮರಗೆಲಸದವರ ಕುಶಲತೆಯೇ ಮರದ ಹಲ್ಲಿನ ಸೆಟ್ಟಿಗೂ ಒದಗಿತು. 1538ರಲ್ಲಿ ತೀರಿಕೊಂಡ ಒಬ್ಬ ಬೌದ್ಧ ಸನ್ಯಾಸಿನಿ ಧರಿಸುತ್ತಿದ್ದ ಮರದ ಮೇಲ್ದವಡೆಯ ಸೆಟ್ಟು ಇಂದಿಗೂ ಉಳಿದಿದೆ. ಮೇಣದಲ್ಲಿ ಬಾಯಿಯ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಮರವನ್ನು ಕೆತ್ತಿ ಕೂರಿಸುತ್ತಿದ್ದರು. ಅಂಗುಳಿಗೆ ಬಿಗಿಯಾಗಿ ಹೊಂದಿಕೊಂಡ ತಟ್ಟೆ ಎಂಜಲಿನ ತೇವದಿಂದಲೇ ಅಂಟಿ ನಿಲ್ಲುತ್ತದೆ ಎಂಬ ಗುಟ್ಟು ಅವರಿಗೆ ಗೊತ್ತಿತ್ತು. ಇಂದಿನ ಸೆಟ್ಟೂ ನಿಲ್ಲುವುದು ಇದೇ ತತ್ವದ ಮೇಲೆ.

ಯುರೋಪಿನವರು ಹಿಡಿದದ್ದು ಎರಡನೆಯ ದಾರಿ, ಬೇರೆಯವರ ಹಲ್ಲಿನಿಂದ ತಿನ್ನುವ ದಾರಿ. ಇಟಲಿಯ ಪ್ರಾಚೀನ ಎಟ್ರುಸ್ಕನ್ನರು ಕ್ರಿಸ್ತಪೂರ್ವದಲ್ಲೇ ಚಿನ್ನದ ಪಟ್ಟಿಯಿಂದ ಹಲ್ಲು ಬಿಗಿಯುತ್ತಿದ್ದರು. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಷಾರ್ ದಂತವೈದ್ಯದ ಮೇಲೆ ಸಮಗ್ರ ಗ್ರಂಥ ಪ್ರಕಟಿಸಿದ. ಆಗ ಶ್ರೀಮಂತರ ಬಾಯಿಗೆ ಬರುತ್ತಿದ್ದುದು ಆನೆಯ ಅಥವಾ ನೀರಾನೆಯ ದಂತದ ತಟ್ಟೆ, ಅದರ ಮೇಲೆ ಬೇರೆ ಮನುಷ್ಯರ ಹಲ್ಲು.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ರದು ಮರದ ಹಲ್ಲು ಎಂಬ ಮಾತು ಬರೀ ಕಟ್ಟುಕಥೆ. ಅವರ ಸೆಟ್ಟುಗಳಲ್ಲಿ ಇದ್ದದ್ದು ದಂತ, ಲೋಹ ಮತ್ತು ಮನುಷ್ಯರ ಹಲ್ಲು. 1784ರ ಅವರ ಮನೆಯ ಲೆಕ್ಕದಲ್ಲಿ ಕಪ್ಪು ಜನರಿಗೆ ಒಂಬತ್ತು ಹಲ್ಲುಗಳ ಬಾಬ್ತು ಹಣ ಕೊಟ್ಟ ದಾಖಲೆಯಿದೆ. ಆ ಜನ ಅವರ ಎಸ್ಟೇಟಿನ ಗುಲಾಮರೇ ಇರಬೇಕು ಎನ್ನುತ್ತಾರೆ ಇತಿಹಾಸಕಾರರು. 1815ರ ವಾಟರ್ಲೂ ಯುದ್ಧಭೂಮಿಯಲ್ಲಿ ಸತ್ತುಬಿದ್ದ ಯುವ ಸೈನಿಕರ ಹಲ್ಲುಗಳನ್ನು ಕಿತ್ತು ಮಾರಿದರು. ‘ವಾಟರ್ಲೂ ಹಲ್ಲು’ ಎಂಬ ಮಾತೇ ಚಾಲ್ತಿಗೆ ಬಂತು. ವಿಕ್ಟರ್ ಹ್ಯೂಗೋನ ‘ಲೆ ಮಿಸೆರಾಬ್ಲ್’ ಕಾದಂಬರಿಯಲ್ಲಿ ಫಾಂಟೀನ್ ಮಗಳಿಗಾಗಿ ತನ್ನ ಎರಡು ಮುಂದಿನ ಹಲ್ಲುಗಳನ್ನು ಮಾರುತ್ತಾಳೆ. ಪೂಷನಿಗೆ ಯಜಮಾನನ ಹಲ್ಲು ಸಾಲವಾಗಿ ಸಿಕ್ಕಿದರೆ, ಇಲ್ಲಿ ಯಜಮಾನನೇ ಆಳಿನ ಹಲ್ಲಿನಿಂದ ಉಂಡ.

ಇಂಥ ಹಲ್ಲನ್ನು ನಮ್ಮ ಹಳೆಯ ಮನೆಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ ಎಂದು ಸುಲಭವಾಗಿ ಊಹಿಸಬಹುದು. ಎಂಜಲು, ಮೈಲಿಗೆಗಳನ್ನು ಅಷ್ಟು ಎಚ್ಚರದಿಂದ ನೋಡುತ್ತಿದ್ದ ಕಡೆ ಹೆಣದ ಹಲ್ಲು, ಪ್ರಾಣಿಯ ಎಲುಬು ಬಾಯಿಗೆ ಹೋಗುವುದುಂಟೆ? ಅದಕ್ಕೆ ಬೇರೆಯದೇ ವಸ್ತು ಬರಬೇಕಿತ್ತು.

ಪಿಂಗಾಣಿ, ರಬ್ಬರು, ಪ್ಲಾಸ್ಟಿಕ್ಕು

ಅದು ಬಂದದ್ದು ಮೂರು ಹಂತಗಳಲ್ಲಿ. 1774ರ ಸುಮಾರಿಗೆ ಫ್ರಾನ್ಸಿನ ಔಷಧ ವ್ಯಾಪಾರಿ ದುಷಾತೋ ನಾತಕ್ಕೆ ಬೇಸತ್ತು ಪಿಂಗಾಣಿ ಹಲ್ಲಿನ ಪ್ರಯೋಗಕ್ಕಿಳಿದ. ದಂತವೈದ್ಯ ದುಬ್ವಾ ದ ಶೆಮಾಂ ಅದನ್ನು ಸುಧಾರಿಸಿ ಪೇಟೆಗೆ ತಂದ. ಎರಡನೆಯದು ರಬ್ಬರು. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಗಟ್ಟಿಯಾಗುತ್ತದೆಂದು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದ. ಮುಂದೆ ಅದರಿಂದ ಅಗ್ಗದ ವಲ್ಕನೈಟ್ ತಟ್ಟೆಗಳು ತಯಾರಾದವು. ಆ ವೇಳೆಗೆ ಅರಿವಳಿಕೆಯೂ ಬಂದು ಹಲ್ಲು ಕೀಳಿಸುವ ಭಯ ಕಡಿಮೆಯಾಗಿತ್ತು. ಬಡವರೂ ಸೆಟ್ಟು ಹಾಕಿಸಿಕೊಳ್ಳುವ ಕಾಲ ಬಂತು. ಆದರೆ ಪೇಟೆಂಟ್ ಇದ್ದ ಕಂಪೆನಿ ಪ್ರತಿಯೊಬ್ಬ ದಂತವೈದ್ಯನಿಂದಲೂ ಶುಲ್ಕ ಕೇಳಿತು, ಕೊಡದವರ ಮೇಲೆ ದಾವೆ ಹೂಡಿತು. 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದಂತವೈದ್ಯನೊಬ್ಬ ಕಂಪೆನಿಯ ಖಜಾಂಚಿಯನ್ನು ಗುಂಡಿಟ್ಟು ಕೊಂದುಹಾಕಿದ!

ಮೂರನೆಯದು ಅಕ್ರಿಲಿಕ್ ಪ್ಲಾಸ್ಟಿಕ್. 1930ರ ದಶಕದ ಉತ್ತರಾರ್ಧದಲ್ಲಿ ಬಂದು, ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅದು ರಬ್ಬರನ್ನು ಬದಿಗೆ ಸರಿಸಿತು. ವಸಡಿನ ಬಣ್ಣಕ್ಕೆ ಹೊಂದುವ, ಹಗುರವಾದ, ಮುರಿದರೆ ಬೆಸೆಯಬಹುದಾದ ವಸ್ತು. ಯಾವ ಪ್ರಾಣಿಯ ಎಲುಬೂ ಅಲ್ಲ, ಯಾರ ಎಂಜಲೂ ಅಲ್ಲ. ನಮ್ಮ ಮನೆಗಳ ಸೆಟ್ಟು ಬಹುಪಾಲು ಇದೇ.

ಭಾರತದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು ಡಾ. ರಫೀಉದ್ದೀನ್ ಅಹ್ಮದ್. ಅವರು ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜನ್ನು 1920ರಲ್ಲಿ ತೆರೆದರು. 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಪದವಿಯಿಲ್ಲದೆ ಅಭ್ಯಾಸಬಲದಿಂದಲೇ ಹಲ್ಲಿನ ಕೆಲಸ ಮಾಡಿ ಜೀವನ ಸಾಗಿಸುತ್ತಿದ್ದ ಹಳಬರನ್ನು ಅದು ಒಮ್ಮೆಲೇ ಬೀದಿಗೆ ತಳ್ಳಲಿಲ್ಲ. ಪದವೀಧರರಿಗೆ ‘ಎ’ ಭಾಗ, ಅವರಿಗೆ ‘ಬಿ’ ಭಾಗ ಎಂದು ನೋಂದಣಿ ಪುಸ್ತಕವನ್ನು ಎರಡು ಮಾಡಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಆರಂಭವಾದವು. 1979ರಲ್ಲಿ ದಾವಣಗೆರೆಗೂ ದಂತವೈದ್ಯ ಶಿಕ್ಷಣ ಬಂತು. ಮುಂದೆ ಶಿವಮೊಗ್ಗದಲ್ಲೂ ಕಾಲೇಜು ತೆರೆಯಿತು. ಹೀಗೆ ಮಲೆನಾಡಿನ ಎರಡೂ ಮಗ್ಗುಲಿಗೆ, ಘಟ್ಟದ ಕೆಳಗೂ ಬಯಲಿನಲ್ಲೂ, ಹಲ್ಲು ಕಟ್ಟುವ ಕೇಂದ್ರಗಳಾದವು.

‘ಕಟ್ಟಿಸುವುದು’ ಎಂದರೆ

ನಮ್ಮ ಜನ ಹಲ್ಲನ್ನು ‘ಹಾಕಿಸಿಕೊಂಡೆ’ ಎನ್ನುವಷ್ಟೇ ಸಹಜವಾಗಿ ‘ಕಟ್ಟಿಸಿಕೊಂಡೆ’ ಎಂದೂ ಹೇಳುತ್ತಾರೆ. ಮನೆ ಕಟ್ಟಿಸಿದ ಹಾಗೆ. ಮಾತು ಸರಿಯಾಗಿಯೇ ಇದೆ. ಪೂರ್ತಿ ಸೆಟ್ಟು ಒಂದೇ ದಿನದ ಕೆಲಸವಲ್ಲ. ಮೊದಲ ಸಲ ಬಾಯಿಯ ಒರಟು ಅಚ್ಚು, ಎರಡನೆಯ ಸಲ ನಿಖರವಾದ ಅಚ್ಚು, ಮೂರನೆಯ ಸಲ ಮೇಲಿನ ಕೆಳಗಿನ ದವಡೆಗಳ ಅಂತರದ ಅಳತೆ, ನಾಲ್ಕನೆಯ ಸಲ ಮೇಣದಲ್ಲಿ ಜೋಡಿಸಿದ ಹಲ್ಲಿನ ಪರೀಕ್ಷೆ, ಐದನೆಯ ಸಲ ಸೆಟ್ಟು ಕೈಗೆ. ಆಮೇಲೂ ಒತ್ತಿದ ಕಡೆ, ಹುಣ್ಣಾದ ಕಡೆ ತಿಕ್ಕಿಸಿಕೊಳ್ಳಲು ಹೋಗಬೇಕು.

ಸೆಟ್ಟು ಬಂದರೂ ಅದು ಹುಟ್ಟುಹಲ್ಲಾಗುವುದಿಲ್ಲ. ಕಡಿಯುವ ಶಕ್ತಿ ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ಹಲ್ಲು ಹೋದ ದವಡೆಯ ಎಲುಬು ವರ್ಷವರ್ಷಕ್ಕೂ ಕರಗುತ್ತದೆ, ಅದರಲ್ಲೂ ಕೆಳದವಡೆ ಹೆಚ್ಚು. ಬಿಗಿಯಾಗಿದ್ದ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗುವುದು ಇದಕ್ಕೇ. ಮಾತಿನ ಕಷ್ಟ ಬೇರೆ. ನಮ್ಮ ವ್ಯಾಕರಣ ‘ತ’ ವರ್ಗವನ್ನು ದಂತ್ಯವೆಂದು ಕರೆದದ್ದು ಸುಮ್ಮನೆ ಅಲ್ಲ. ಮಳೆಗಾಲದ ತಾಳಮದ್ದಲೆಯಲ್ಲಿ ಗಂಟೆಗಟ್ಟಲೆ ಅರ್ಥ ಹೇಳುವ ಹಿರಿಯರಿಗೆ ಮುಂದಿನ ಎರಡು ಹಲ್ಲು ಹೋದರೆ ಅರ್ಧ ಪಾತ್ರ ಹೋದಂತೆ.

ಅಡಿಕೆಯ ವಿಷಯವನ್ನೂ ಮರೆಮಾಚುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಬೆಳೆಗಾರರು ಇದನ್ನು ಒಪ್ಪುವುದಿಲ್ಲ. ಬದುಕಿನ ಪ್ರಶ್ನೆ ಅವರದು. ಆದರೆ ಅಡಿಕೆ ಅಗಿಯುವವರಲ್ಲಿ ಬಾಯಿಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯಲಾಗದ ಸ್ಥಿತಿ ಬರುವುದುಂಟು. ಅಂಥವರಿಗೆ ಅಚ್ಚು ತೆಗೆಯುವುದೇ ಕಷ್ಟ, ಸೆಟ್ಟು ಒಳಗೆ ಹೋಗುವುದು ಇನ್ನೂ ಕಷ್ಟ.

ಐದು ಸಲದ ದಾರಿ

ಬಡತನದ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತವಾಗಿ ಪೂರ್ತಿ ಸೆಟ್ಟು ಕೊಡುವ ‘ದಂತಭಾಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2014-15ರಲ್ಲಿ ತಂದಿತು. ದಂತವೈದ್ಯ ಕಾಲೇಜುಗಳ ಮೂಲಕ ಇದರ ಜಾರಿ. ಪೂಷನ ವರಕ್ಕಿಂತ ಇದು ಖಂಡಿತ ದೊಡ್ಡದು. ಆದರೆ ಕಾಲೇಜು ಇರುವುದು ಊರಿನಲ್ಲಲ್ಲ. ಸಾಗರದಿಂದ ಶಿವಮೊಗ್ಗೆಗೆ 70 ಕಿಲೋಮೀಟರಿಗೂ ಹೆಚ್ಚು, ತೀರ್ಥಹಳ್ಳಿಯಿಂದ 60ರ ಸುಮಾರು. ಮಣಿಪಾಲಕ್ಕೆ ಹೋಗುವುದಾದರೆ ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿಯಬೇಕು, ಹೊಸನಗರದವರು ಹುಲಿಕಲ್ ಘಾಟಿ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ದಾರಿಯೇ ಇಲ್ಲ.

ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಯ ಕಥೆಯನ್ನು ನೆನೆಯಿರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಸಾಗರಕ್ಕೆ ಅವರ ಹತ್ತಿರದ ದಾರಿ ನೀರಿನ ಪಾಲಾಯಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯುವವರೆಗೆ ಅವರು ನೆಚ್ಚಿಕೊಂಡದ್ದು ಲಾಂಚನ್ನು. ಹಲ್ಲಿಲ್ಲದ ಎಪ್ಪತ್ತೈದರ ಅಜ್ಜಿಯೊಬ್ಬಳು ಲಾಂಚು ಹಿಡಿದು, ಸಾಗರದಲ್ಲಿ ಬಸ್ಸು ಹಿಡಿದು, ಶಿವಮೊಗ್ಗೆಗೆ ಹೋಗಿ ಸಂಜೆಯ ಕೊನೆಯ ಲಾಂಚಿಗೆ ವಾಪಸಾಗಬೇಕು. ಹೀಗೆ ಐದು ಸಲ. ಜೊತೆಗೆ ಹೋಗುವ ಮಗನ ಐದು ದಿನದ ಕೂಲಿ. ಹಲ್ಲು ಉಚಿತ, ದಾರಿ ಮಾತ್ರ ಉಚಿತವಲ್ಲ.

ಇಂಥ ಲೆಕ್ಕ ಹಾಕಿಯೇ ಎಷ್ಟೋ ಹಿರಿಯರು, ‘ಇನ್ನೆಷ್ಟು ದಿನ ಬಿಡು ಮಾರಾಯ, ಗಂಜಿ ಉಂಡರಾಯಿತು’ ಎಂದುಬಿಡುತ್ತಾರೆ. ಅದು ವೈರಾಗ್ಯದ ಮಾತಿನ ಹಾಗೆ ಕೇಳಿಸುತ್ತದೆ. ಕಿವಿಗೊಟ್ಟು ಕೇಳಿದರೆ ಅದರೊಳಗೆ ಬಸ್ ಚಾರ್ಜಿನ ಲೆಕ್ಕವಿರುತ್ತದೆ.

ಸೇತುವೆ ಈಗ ಬಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಅಚ್ಚು ತೆಗೆದು, ಸೆಟ್ಟು ಮಾಡುವ ಕೆಲಸ ಮಾತ್ರ ಶಿವಮೊಗ್ಗೆಯಲ್ಲಿ ನಡೆದರೆ ಐದು ಪಯಣ ಒಂದೆರಡಕ್ಕೆ ಇಳಿದೀತು. ಅಚ್ಚು ಬಸ್ಸಿನಲ್ಲಿ ಹೋಗಿಬರಬಲ್ಲದು, ಅಜ್ಜಿ ಮನೆಯಲ್ಲಿರಬಹುದು. ಇದಕ್ಕೆ ಹೊಸ ಶೋಧನೆಯೇನೂ ಬೇಕಿಲ್ಲ. ವಾಟರ್ಲೂವಿನ ಹೆಣಗಳಿಂದ ಪ್ಲಾಸ್ಟಿಕ್ಕಿನವರೆಗೆ ಬರಲು ಜಗತ್ತಿಗೆ ಹೆಚ್ಚುಕಡಿಮೆ ಒಂದೂಕಾಲು ಶತಮಾನ ಬೇಕಾಯಿತು. ಶಿವಮೊಗ್ಗೆಯಿಂದ ಮಲೆನಾಡಿನ ಮೂಲೆಯ ಊರಿಗೆ ಬರಲು ಅಷ್ಟು ಕಾಲ ಬೇಕಾಗಬಾರದು.