ಸುರಂಗ ಮತ್ತು ಕಾರೇಜ್: ಜಂಬಿಟ್ಟಿಗೆಯ ನೀರಿನ ಚರಿತ್ರೆಯಲ್ಲೊಂದು ಪ್ರಶ್ನೆ

ಕನ್ನಡ ನಾಡಿನ ಅಂತರ್ಜಲದ ಚರಿತ್ರೆಯನ್ನು ಕುರಿತು ಬರೆಯುವವರು ಬೀದರಿನ ಕಾರೇಜನ್ನೂ ಕಾಸರಗೋಡಿನ ಸುರಂಗವನ್ನೂ ಜೊತೆಜೊತೆಯಾಗಿ ಹೆಸರಿಸುವುದು ವಾಡಿಕೆಯಾಗಿದೆ. ಎರಡೂ ನೆಲದೊಳಗೆ ಅಡ್ಡಲಾಗಿ ಕೊರೆದ ನೀರಿನ ಹಾದಿಗಳು. ಎರಡೂ ಜಂಬಿಟ್ಟಿಗೆಯ ನೆಲದಲ್ಲಿವೆ. ಆದುದರಿಂದ ಎರಡಕ್ಕೂ ಮೂಲ ಇರಾನಿನ ಕನಾತ್ ಎಂಬ ತೀರ್ಮಾನ ಸುಲಭವಾಗಿ ಹೊರಡುತ್ತದೆ. ಈ ತೀರ್ಮಾನದ ಮೊದಲರ್ಧವನ್ನು ನಾವು ಒಪ್ಪುತ್ತೇವೆ. ಎರಡನೆಯ ಅರ್ಧಕ್ಕೆ ಆಧಾರ ಸಾಲದು.

ಮೊದಲು ಕಲ್ಲಿನ ವಿಚಾರ. ಸುಣ್ಣಕಲ್ಲು ನೀರಿನಲ್ಲಿ ಕರಗಿ ಗುಹೆ, ಕೊಳವೆಗಳಾಗುವ ನೆಲವನ್ನು ಭೂವಿಜ್ಞಾನಿಗಳು ಕಾರ್ಸ್ಟ್ ಎನ್ನುತ್ತಾರೆ. ಕರ್ನಾಟಕದಲ್ಲಿ ಯಾಣದ ಬಂಡೆಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಜಂಬಿಟ್ಟಿಗೆ ಸುಣ್ಣಕಲ್ಲಲ್ಲ. ಆದರೂ ಅದರೊಳಗೆ ನೀರು ನಡೆಯುವ ರೀತಿ ಬಹುಮಟ್ಟಿಗೆ ಅದೇ. ಮೇಲೆ ಗಟ್ಟಿ ಚಿಪ್ಪು, ನಡುವೆ ರಂಧ್ರಮಯ ಕಲ್ಲು, ಅಡಿಯಲ್ಲಿ ತುಳುನಾಡಿನವರು ಸೇಡಿ ಎಂದು ಕರೆಯುವ ಮೆತ್ತನೆಯ ಜೇಡಿ. ಮಳೆನೀರು ಕಂಡಿಗಳ ಮೂಲಕ ಇಳಿದು ಸೇಡಿಯ ಮೇಲೆ ನಿಲ್ಲುತ್ತದೆ, ಅಲ್ಲಿಂದ ಪಕ್ಕಕ್ಕೆ ಹರಿಯುತ್ತದೆ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಮಲಬಾರಿನ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆಯೇ ಅಡಗಿದೆ! ಬೀದರಿನಲ್ಲಿ ಈ ಪದರದ ಕೆಳಗೆ ಇರುವುದು ದಖ್ಖನಿನ ಕಪ್ಪು ಬಸಾಲ್ಟ್. ಘಣಸೋಲಿಯ ಓದುಗರು ತಮ್ಮ ಬೆನ್ನಿಗಿರುವ ಪಾರಸಿಕ ಗುಡ್ಡದಲ್ಲಿ ದಿನವೂ ಕಾಣುವ ಕಲ್ಲು ಅದೇ ಜಾತಿಯದು.

ಬೀದರಿನ ಮಟ್ಟಿಗೆ ಇರಾನಿನ ನಂಟು ಊಹೆಯ ಮಾತಲ್ಲ. ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯು 15ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಅವನು ಗೌರವಿಸಿದ ಸೂಫಿ ಗುರು ಶಾಹ ನಿಯಮತುಲ್ಲಾ ಕಿರ್ಮಾನ್ ಪ್ರಾಂತದವನು. ಆ ಮನೆತನದವರು ಬೀದರಿಗೆ ಬಂದು ನೆಲೆಸಿದರು, ಖಲೀಲುಲ್ಲಾನ ಚೌಖಂಡಿ ಅಷ್ಟೂರಿನ ಹಾದಿಯಲ್ಲಿ ಇಂದಿಗೂ ನಿಂತಿದೆ. ಕಿರ್ಮಾನ್ ಕನಾತುಗಳಿಂದಲೇ ಬದುಕುತ್ತಿದ್ದ ನಾಡು. ನೌಬಾದಿನ ಕಾರೇಜಿನಲ್ಲಿ ಸಾಲಾಗಿ ತೋಡಿದ ಗಾಳಿಬಾವಿಗಳು, ಅವನ್ನು ಕೂಡಿಸುವ ಒಳಗಾಲುವೆ, ಇಳಿಜಾರಿನ ಲೆಕ್ಕಾಚಾರ ಇವೆಲ್ಲ ಆ ಮಾದರಿಯವೇ. ಪಾಲಕ್ಕಾಡಿನ ಭೂಗೋಳ ವಿದ್ವಾಂಸ ಗೋವಿಂದನ್‌ಕುಟ್ಟಿಯವರು 2010ರ ದಶಕದಲ್ಲಿ ಈ ಹಾದಿಗಳನ್ನು ನಕ್ಷೆಗಿಳಿಸಿದ ಮೇಲೆ, ಹೂತುಹೋಗಿದ್ದ ಬಾವಿಬಾಯಿಗಳು ಮತ್ತೆ ಲೆಕ್ಕಕ್ಕೆ ಬಂದವು. ಗಮನಿಸಬೇಕಾದುದೇನೆಂದರೆ, ಇದು ಪ್ರಭುತ್ವದ ಕೆಲಸ, ನಗರಕ್ಕಾಗಿ ಆದದ್ದು.

ಕಾಸರಗೋಡಿನ ಸುರಂಗ ಮನೆತನದ ಕೆಲಸ. ಒಬ್ಬನು ನಡೆಯುವಷ್ಟು ಅಗಲ, ಆಳೆತ್ತರ. ಗುಡ್ಡದ ಮಗ್ಗುಲಿನಿಂದ ಒಳಕ್ಕೆ ಪಿಕ್ಕಾಸಿನಿಂದ ಕಡಿಯುತ್ತ ಹೋಗಿ, ನೀರು ಸಿಕ್ಕಲ್ಲಿ ನಿಲ್ಲಿಸುವುದು. ಹರಿದು ಬಂದ ನೀರು ತೋಟದ ಕೆರೆಗೆ ಸೇರುತ್ತದೆ, ಅಲ್ಲಿಂದ ಅಡಕೆ ತೋಟಕ್ಕೆ. ಕೆಲವು ಉದ್ದ ಸುರಂಗಗಳಲ್ಲಿ ಗಾಳಿಗಂಡಿಯೂ ಉಂಟು. ಇರಾನ್ ಮೂಲವನ್ನು ಹೇಳುವವರು ಇದನ್ನೂ ಕರಾವಳಿಯ ಅರಬ್ಬೀ ವ್ಯಾಪಾರವನ್ನೂ ಮುಂದಿಡುತ್ತಾರೆ. ಆದರೆ ನೆಲದೊಳಗೆ ಕೆಲಸ ಮಾಡುವ ಯಾವನಿಗೇ ಆಗಲಿ ಉಸಿರಾಡಲು ಗಾಳಿ ಬೇಕು. ಅದನ್ನು ಕಿರ್ಮಾನಿನವರು ಬಂದು ಕಲಿಸಬೇಕಾಗಿಲ್ಲ.

ಇನ್ನು ಹೆಸರು. ಸಂಸ್ಕೃತದ ಸುರುಂಗಾ ಶಬ್ದವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ, ಮಹಾಭಾರತದ ಅರಗಿನ ಮನೆಯ ಪ್ರಸಂಗದಲ್ಲಿದೆ. ಅದು ಗ್ರೀಕಿನ ಸಿರಿಂಕ್ಸ್, ಅಂದರೆ ಕೊಳಲು, ಕೊಳವೆ, ಕೋಟೆಗೆ ಕೊರೆಯುವ ಕಳ್ಳದಾರಿ ಎಂಬ ಶಬ್ದದಿಂದ ಬಂದಿತೆಂದು ಓಟ್ಟೊ ಸ್ಟೈನ್ 1925ರಲ್ಲಿ ವಾದಿಸಿದನು. ಈ ವ್ಯುತ್ಪತ್ತಿ ನಿಜವಾದರೆ, ಕಾಸರಗೋಡಿನ ತೋಟಿಗರ ಬಾಯಲ್ಲಿರುವ ಮಾತು ಯವನರ ಮುತ್ತಿಗೆಯ ಮಾತು. ಅದರಿಂದ ಕಾಸರಗೋಡಿಗೆ ನೀರುವಿದ್ಯೆಯನ್ನು ಯವನರೇ ಕಲಿಸಿದರೆಂದು ಯಾರೂ ಹೇಳಲಾರರು. ಹಾಗೆಯೇ, ವಿಜಯಪುರದ ಆದಿಲಶಾಹಿ ನೀರುದಾರಿಗೆ ಜನ ಸುರಂಗ ಬಾವಡಿ ಎಂದದ್ದು ಮಾತ್ರದಿಂದ ಅದಕ್ಕೂ ಕಾಸರಗೋಡಿಗೂ ಸಂಬಂಧ ಬೆಸೆಯಲಾಗದು. ಶಬ್ದ ಒಂದು ಹಾದಿಯಲ್ಲಿ ಬಂದಿರಬಹುದು, ಕೆಲಸ ಇನ್ನೊಂದರಲ್ಲಿ.

ಕನ್ನಡದ ಮಟ್ಟಿಗೆ ಹೆಚ್ಚು ಫಲಕಾರಿಯಾದ ಜಾಡು ಬೇರೆಯೇ ಇದೆ. ಪಶ್ಚಿಮ ಚಾಲುಕ್ಯ ಜಯಸಿಂಹನ ಕಾಲದ ಇಮ್ಮಡಿ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲವನ್ನು ಗುರುತಿಸುವ ಭಾಗವೊಂದಿದೆ. ವರಾಹಮಿಹಿರನ ‘ಬೃಹತ್ಸಂಹಿತೆ’ಯ ದಕಾರ್ಗಲಾಧ್ಯಾಯದ ಪರಂಪರೆ ಅದು: ಮರ, ಹುತ್ತ, ಮಣ್ಣಿನ ಬಣ್ಣ ಇವುಗಳಿಂದ ನೀರಿನ ಇರವನ್ನು ಊಹಿಸುವುದು. ಸುರಂಗ ತೋಡುವವರೂ ಬಸರಿ, ಉಪ್ಪಳಿಗೆ ಮೊದಲಾದ ಮರಗಳನ್ನೂ ಹುತ್ತವನ್ನೂ ನೋಡಿಯೇ ಜಾಗ ಗೊತ್ತುಮಾಡುತ್ತಾರೆ. ಅವರು ಈ ಗ್ರಂಥಗಳನ್ನು ಓದಿದವರೆಂದು ಇದರ ಅರ್ಥವಲ್ಲ. ಗ್ರಂಥಕಾರರೇ ಇಂಥ ಅಗೆಯುವವರಿಂದ ಕೇಳಿ ಬರೆದಿರುವ ಸಂಭವ ಹೆಚ್ಚು ಎಂದು ನಮಗೆ ತೋರುತ್ತದೆ.

ಈ ವಿದ್ಯೆ ಗತಕಾಲದ್ದಲ್ಲ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿಯ ಕೆಲಸ ಮುಗಿಸಿ ಬಂದು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕಡಿದರು. ಐದರಲ್ಲಿ ನೀರು ಸಿಗಲಿಲ್ಲ, ಆರನೆಯದು ಒದಗಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಆದರೆ ಕೊಳವೆಬಾವಿ ಹಬ್ಬಿದ ಮೇಲೆ ಹೊಸದಾಗಿ ಸುರಂಗ ತೋಡುವವರು ವಿರಳ. ಕಾಲ ಕಳೆದಂತೆ ಹಳೆಯವು ಕುಸಿಯುತ್ತವೆ, ಅವುಗಳ ಜೊತೆಗೆ ತೋಡಿದವರ ಮಾತೂ ಹೋಗುತ್ತದೆ.

ಸುರಂಗಗಳ ಕಾಲದ ವಿಚಾರದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದನ್ನು ಇರಾನಿನಲ್ಲಿ ಅರಸುವ ಮುನ್ನ ಮನೆಗಳ ಪೆಟ್ಟಿಗೆಗಳನ್ನು ತೆರೆಯಬೇಕು. 1799ರಲ್ಲಿ ಕಂಪನಿಯ ಕೈಸೇರಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಇದ್ದ ಪ್ರದೇಶವಿದು. ಪಾಲುಪತ್ರ, ಅಡವುಪತ್ರ, ಕಂದಾಯದ ಕಡತಗಳಲ್ಲಿ ಸುರಂಗದ ನೀರಿನ ಹಕ್ಕು ಎಂಬ ಮಾತು ಮೊದಲು ಯಾವ ವರ್ಷದ ಕಾಗದದಲ್ಲಿ ಬರುತ್ತದೆ, ಯಾವ ಭಾಷೆಯಲ್ಲಿ ಬರುತ್ತದೆ ಎಂಬುದನ್ನು ಹುಡುಕಬೇಕಾದವರು ಕನ್ನಡ, ತುಳು, ಮಲಯಾಳಗಳನ್ನು ಒಟ್ಟಿಗೆ ಓದಬಲ್ಲ ಸಂಶೋಧಕರು.