ದಕ್ಷಿಣ ಇಟಲಿ ಪ್ರವಾಸ: ಬಿಡಾರ ಎಲ್ಲಿ ಹೂಡಬೇಕು?

ಐದಾರು ದಿನಗಳ ಪ್ರವಾಸದಲ್ಲಿ ದಿನಕ್ಕೊಂದು ಊರಿನಲ್ಲಿ ತಂಗಿದರೆ ಅರ್ಧ ಸಮಯ ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ಕಳೆದುಹೋಗುತ್ತದೆ. ಮಕ್ಕಳು ಮತ್ತು ಹಿರಿಯರು ಜೊತೆಗಿದ್ದರಂತೂ ಒಂದೇ ಊರಿನಲ್ಲಿ ಬಿಡಾರ ಹೂಡಿ, ಬೆಳಿಗ್ಗೆ ಹೊರಟು ಸಂಜೆಗೆ ಮರಳುವುದೇ ಜಾಣತನ. ಷೆಂಗೆನ್ ವೀಸಾ ಅರ್ಜಿಯೊಂದಿಗೆ ವಸತಿಯ ದಾಖಲೆಯನ್ನೂ ಸಲ್ಲಿಸಬೇಕಾಗಿರುವುದರಿಂದ ಈ ನಿರ್ಧಾರವನ್ನು ಮನೆಯಲ್ಲಿದ್ದಾಗಲೇ ಕೈಗೊಳ್ಳಬೇಕು. ಊರಿನ ಚೆಲುವಿಗಿಂತ ರೈಲು ನಿಲ್ದಾಣದ ಸಾಮೀಪ್ಯ ಮತ್ತು ನೆಲದ ಏರಿಳಿತ ಇಲ್ಲಿ ಮುಖ್ಯವಾಗುತ್ತವೆ.

ಮೊದಲು ಪ್ರಾಂತ್ಯದ ಆಯ್ಕೆ

ವೆಸುವಿಯಸ್ ಅಗ್ನಿಪರ್ವತ, ಪಾಂಪೇ, ಅಮಾಲ್ಫಿ ಕರಾವಳಿಗಳಿರುವ ಕಂಪಾನಿಯಾ ಪಶ್ಚಿಮದಲ್ಲಿದ್ದರೆ, ಏಡ್ರಿಯಾಟಿಕ್ ಸಮುದ್ರದ ಅಂಚಿನ ಪುಲಿಯಾ ಪೂರ್ವದಲ್ಲಿದೆ. ನೇಪಲ್ಸ್‌ನಿಂದ ಬಾರಿ ನಗರಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ ಬೇಕು. ಆದ್ದರಿಂದ ಕಿರು ಪ್ರವಾಸದಲ್ಲಿ ಎರಡನ್ನೂ ಸೇರಿಸುವ ಆಸೆಯನ್ನು ಬಿಡುವುದು ಒಳಿತು.

ನೇಪಲ್ಸ್

ರೋಮ್‌ನಿಂದ ಅತಿವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯೊಳಗೆ ತಲುಪಬಹುದಾದ ಮಹಾನಗರವಿದು. ಕ್ರಿ.ಶ. 79ರಲ್ಲಿ ವೆಸುವಿಯಸ್ ಉಗುಳಿದ ಬೂದಿಯಡಿ ಹೂತುಹೋದ ಪಾಂಪೇ, ಅದಕ್ಕಿಂತ ಚಿಕ್ಕದಾದ ಹರ್ಕ್ಯುಲೇನಿಯಮ್ ಎರಡಕ್ಕೂ ಇಲ್ಲಿಂದ ಸ್ಥಳೀಯ ರೈಲುಗಳಿವೆ. ಅಲ್ಲಿ ದೊರೆತ ಚಿತ್ರಗಳೂ ಮೊಸಾಯಿಕ್‌ಗಳೂ ನಗರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ. ಇತಿಹಾಸಾಸಕ್ತರಿಗೆ ಇದೇ ಸೂಕ್ತ ಬಿಡಾರ. ಆದರೆ ಗದ್ದಲ, ಇಕ್ಕಟ್ಟಾದ ಬೀದಿ, ಜೇಬುಗಳ್ಳರ ಕಾಟಗಳಿಗೆ ಸಿದ್ಧರಿರಬೇಕು.

ಸೊರೆಂಟೊ

ಕಡಲಂಚಿನ ಕಡಿದಾದ ಬಂಡೆಯ ಮೇಲಿರುವ ಸುಂದರ ಪಟ್ಟಣ. ಕಾಪ್ರಿ ದ್ವೀಪಕ್ಕೆ ವೇಗದ ದೋಣಿಯಲ್ಲಿ ಅರ್ಧ ಗಂಟೆಯೂ ಬೇಡ. ಪಾಂಪೇಗೆ ನೇರ ರೈಲಿದೆ. ಆದರೆ ರೋಮ್‌ನಿಂದ ಬರುವವರು ನೇಪಲ್ಸ್‌ನಲ್ಲಿ ಇಳಿದು, ಜನದಟ್ಟಣೆಯ ಚಿರ್ಕುಮ್‌ವೆಸುವಿಯಾನಾ ರೈಲಿನಲ್ಲಿ ಮತ್ತೊಂದು ಗಂಟೆಗೂ ಹೆಚ್ಚು ಕಾಲ ಸಾಮಾನು ಸಮೇತ ಪಯಣಿಸಬೇಕು. ಬಂದರು ಬಂಡೆಯ ಬುಡದಲ್ಲಿದೆ ಎಂಬುದನ್ನೂ ಮರೆಯಬಾರದು.

ಸಲೆರ್ನೊ

ಹೆಸರು ಅಷ್ಟಾಗಿ ಕೇಳಿಬರದಿದ್ದರೂ ಕುಟುಂಬಗಳಿಗೆ ಅನುಕೂಲವಾದ ಊರೆಂದರೆ ಇದೇ. ರೋಮ್‌ನಿಂದ ಅತಿವೇಗದ ರೈಲು ನೇರವಾಗಿ ಇಲ್ಲಿಗೆ ಬರುತ್ತದೆ. ನಿಲ್ದಾಣದಿಂದ ದೋಣಿಕಟ್ಟೆಗೆ ಕೆಲವೇ ನಿಮಿಷಗಳ ನಡಿಗೆ. ಕಡಲತೀರದ ವಿಹಾರಪಥ ಸಮತಟ್ಟಾಗಿದೆ. ಅಮಾಲ್ಫಿ ಮತ್ತು ಪೊಸಿಟಾನೊಗಳಿಗೆ ರೈಲಿಲ್ಲ. ಅಂಕುಡೊಂಕಾದ ರಸ್ತೆಯಲ್ಲಿ ಬಸ್ಸು ಹತ್ತಿ ಮಕ್ಕಳಿಗೆ ವಾಂತಿಯಾಗುವ ಬದಲು ದೋಣಿಯಲ್ಲಿ ಹೋಗಬಹುದು. ಕ್ರಿ.ಪೂ. ಆರು ಮತ್ತು ಐದನೆಯ ಶತಮಾನಗಳ ಮೂರು ಗ್ರೀಕ್ ದೇಗುಲಗಳಿರುವ ಪೆಸ್ಟಮ್ ರೈಲಿನಲ್ಲಿ ಅರ್ಧ ಗಂಟೆಯಷ್ಟು ದೂರ. ಒಂದು ಕೊರತೆಯೂ ಇದೆ: ದೋಣಿ ಸಂಚಾರ ಬಹುಮಟ್ಟಿಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ, ಸಮುದ್ರ ಕೆರಳಿದರೆ ಅದೂ ಇಲ್ಲ. ಚಳಿಗಾಲದ ಪ್ರವಾಸಿಗರಿಗೆ ನೇಪಲ್ಸ್ ಮೇಲು.

ಬಾರಿ

ಪುಲಿಯಾವನ್ನು ಆರಿಸಿಕೊಂಡವರಿಗೆ ಬಾರಿ ಸಹಜವಾದ ನೆಲೆ. ಕಡಲ ಬಂಡೆಯ ಮೇಲಿನ ಪೊಲಿನ್ಯಾನೊ ಆ ಮಾರೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಶಂಕುವಿನಾಕಾರದ ಕಲ್ಲಿನ ಛಾವಣಿಯ ಮನೆಗಳಿರುವ ಅಲ್ಬೆರೊಬೆಲ್ಲೊ ಊರಿಗೆ ರೈಲು ಅಥವಾ ಬಸ್ಸಿನಲ್ಲಿ ಹೋಗಿಬರಬಹುದು. ನೆರೆಯ ಬಸಿಲಿಕಾತಾ ಪ್ರಾಂತ್ಯದ ಗುಹಾನಗರಿ ಮಾಟೇರಾ ಕೂಡ ಒಂದು ದಿನದ ಪಯಣ. 1952ರ ಕಾನೂನಿನ ಬಳಿಕ ಅಲ್ಲಿನ ಗುಹಾವಾಸಿಗಳನ್ನು ಹೊಸ ಬಡಾವಣೆಗಳಿಗೆ ಸ್ಥಳಾಂತರಿಸಲಾಯಿತು. 1993ರಲ್ಲಿ ಅದೇ ಗುಹೆಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮೆಟ್ಟಿಲುಗಳು ಹೇರಳವಾಗಿರುವುದರಿಂದ ಮಂಡಿನೋವಿನವರು ಎಚ್ಚರ ವಹಿಸಬೇಕು.

ಗಮನದಲ್ಲಿರಲಿ

* ಕೊಠಡಿ ಕಾದಿರಿಸುವ ಮುನ್ನ ಲಿಫ್ಟ್ ಇದೆಯೇ ಎಂದು ಕೇಳಿ. ಹಳೆಯ ಕಟ್ಟಡಗಳಲ್ಲಿ ಅನೇಕ ಕಡೆ ಇರುವುದಿಲ್ಲ. ಅಡುಗೆಮನೆಯಿರುವ ವಸತಿಯಾದರೆ ಸಸ್ಯಾಹಾರಿಗಳಿಗೆ ಅನುಕೂಲ.
* ಪಾಂಪೇಗೆ ದಿನಕ್ಕೆ 20,000 ಮಂದಿಗಷ್ಟೇ ಪ್ರವೇಶವೆಂಬ ಮಿತಿ 2024ರ ನವೆಂಬರ್‌ನಿಂದ ಜಾರಿಗೆ ಬಂದಿದೆ. ಟಿಕೆಟ್ ವ್ಯಕ್ತಿಯ ಹೆಸರಿನಲ್ಲಿರುವುದರಿಂದ ಗುರುತಿನ ದಾಖಲೆ ಜೊತೆಗಿರಲಿ. 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ.
* ಬಾಡಿಗೆ ಕಾರು ಒಯ್ಯುವವರು ಹಳೆಯ ಪೇಟೆಗಳ ನಿರ್ಬಂಧಿತ ಸಂಚಾರ ವಲಯಗಳ ಬಗ್ಗೆ ತಿಳಿದಿರಬೇಕು. ಅನುಮತಿಯಿಲ್ಲದೆ ಹೊಕ್ಕರೆ ಕ್ಯಾಮೆರಾ ದಾಖಲಿಸುತ್ತದೆ. ದಂಡದ ಚೀಟಿ ಊರಿಗೆ ಮರಳಿದ ಮೇಲೂ ಬರಬಹುದು.
* ಸ್ಥಳೀಯ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲೇ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು.

ಪ್ರವಾಸದ ಪಟ್ಟಿಯಲ್ಲಿ ಊರುಗಳು ಕಡಿಮೆಯಾದವೆಂದು ಕೊರಗಬೇಕಿಲ್ಲ. ಸಂಜೆ ದಣಿದು ಬಂದ ಅಜ್ಜಿ, ಮೊಮ್ಮಕ್ಕಳಿಗೆ ಪರಿಚಿತ ಕೋಣೆಯೊಂದು ಕಾದಿದ್ದರೆ ಮರುದಿನದ ಉತ್ಸಾಹ ತಾನಾಗಿ ಹುಟ್ಟುತ್ತದೆ.